ಗಿಡ್ಡ ಹಿಡಿಕೆಯ ಗುಡ್ಡದ ಊರು

ರಾಯಚೂರು ಸ್ಟೇಷನ್

ಮಂದಿ ವಿದೇಶಕ್ಕೆ ಹೊರಟಾಗ ಸೂಟ್‌ಕೇಸ್ ಹಿಡಿಯುತ್ತಾರೆ. ನಾನು ಹಿಡಿದದ್ದು ಹಳೆಯ ಸೈಕಲ್ಲಿನ ಒಂದು ಗಾಲಿ, ಎರಡು ಕಬ್ಬಿಣದ ಪೈಪು, ಒಂದು ಅಗಲವಾದ ಬ್ಲೇಡು. ನಟ್ಟು-ಬೋಲ್ಟು ಬೇರೆ ಚೀಲದಲ್ಲಿ. ಎಲ್ಲವನ್ನೂ ಬಿಚ್ಚಿ, ಹಗ್ಗದಿಂದ ಬಿಗಿದು, ಹೆಗಲ ಮೇಲಿಟ್ಟುಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಒಬ್ಬ ಹಮಾಲ ಹತ್ತಿರ ಬಂದು ನೋಡಿದ.

"ಯಣ್ಣಾ, ಯಾ ಊರಾಗ ಪಂಕ್ಚರ್ ಅಂಗಡಿ ಹಾಕಾಕ ಹೊಂಟೀರಿ?"

"ನೇಪಾಳದಾಗ."

ಅವನು ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ನಾನು ಯಂಕಪ್ಪ. ಮಾನ್ವಿಯಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ಐದನೇ ಕ್ಲಾಸಿಗೆ ಸಾಲಿ ಬಿಟ್ಟವನು. ಹಾಗಂತ ತಲೆ ತಗ್ಗಿಸಿಕೊಂಡು ಬದುಕಿದವನಲ್ಲ. ನಾನು ಬಿಗಿದ ಬೋಲ್ಟು ಸಡಿಲಾಯಿತು ಅಂತ ಈ ಸೀಮೆಯಲ್ಲಿ ಯಾರೂ ಅಂದಿರಲಿಲ್ಲ. ಹೋದ ವರ್ಷ ಅಂದರು. ಈ ಪ್ರವಾಸ ಶುರುವಾದದ್ದೇ ಆ ಮಾತಿನಿಂದ.

ದೇವದುರ್ಗ ತಾಲೂಕಿನಲ್ಲಿ ಒಂದು ಸಂಸ್ಥೆಯವರು ಒಣಬೇಸಾಯದ ಯೋಜನೆ ನಡೆಸುತ್ತಿದ್ದಾರೆ. ಹೊಲಕ್ಕೆ ಬದು ಹಾಕಿಸುತ್ತಾರೆ, ನೀರಿಗೆ ಹೊಂಡ ತೋಡಿಸುತ್ತಾರೆ, ಕಳೆ ಸಾಯಲಿ ಅಂತ ವಿಷದ ಎಣ್ಣೆ ಹೊಡೆದು ಮಣ್ಣು ಕೆಡಿಸಬೇಡಿ ಅನ್ನುತ್ತಾರೆ. ಎಣ್ಣೆ ಹೊಡೆಯದಿದ್ದರೆ ಕಳೆಯನ್ನು ಕೈಯಿಂದಲೇ ತೆಗೆಯಬೇಕು. ನಮ್ಮ ಕಡೆ ಅದು ಹೆಂಗಸರ ಕೆಲಸ. ಕುರ್ಚಿಗಿ ಅನ್ನುವ ಸಣ್ಣ ಕುಡುಗೋಲು ಹಿಡಿದು, ಹೊತ್ತು ಏರುವುದರಿಂದ ಇಳಿಯುವ ತನಕ ಸಾಲು ಹಿಡಿದು ಕುಕ್ಕರಗಾಲಲ್ಲಿ ಸರಿಯುತ್ತಾರೆ. ಸಂಜೆ ಏಳಬೇಕಾದರೆ ಒಬ್ಬರಿಗೊಬ್ಬರು ಕೈ ಕೊಡಬೇಕು. ಆ ನಡುನೋವು ತಪ್ಪಿಸಲು ಯೋಜನೆಯವರು ನನ್ನಿಂದ ಸೈಕಲ್ ಕುಂಟೆ ಮಾಡಿಸಿದರು. ಮುಂದೆ ಒಂದು ಗಾಲಿ, ಹಿಂದೆ ಬ್ಲೇಡು, ಹಿಡಿಯಲು ಹಿಡಿಕೆ. ನಿಂತುಕೊಂಡು ದೂಡುತ್ತ ಹೋದರೆ ಸಾಲಿನ ನಡುವಿನ ಕಳೆ ಬೇರು ಸಮೇತ ಕಿತ್ತು ಬರುತ್ತದೆ. ಜಾಲಹಳ್ಳಿ ಸುತ್ತಿನ ಹೆಂಗಸರ ಗುಂಪುಗಳಿಗೆ ಹಂಚಿದ್ದೂ ಆಯಿತು.

ಹಂಗಾಮು ಮುಗಿಯುವುದರೊಳಗೆ ನನ್ನ ಕುಂಟೆಗಳೆಲ್ಲ ಮನೆಮನೆಯ ಜಂತಿಗೆ ಜೋತುಬಿದ್ದಿದ್ದವು. ಒಂದಕ್ಕೂ ಬ್ಲೇಡಿಲ್ಲ. ಹೋಗಿ ಕೇಳಿದರೆ ಗಂಡಸರು, "ನಿನ್ನ ಬೋಲ್ಟ್ ಸಡ್ಲ ಅದಾವ ಮೇಸ್ತ್ರಿ, ಬ್ಲೇಡ್ ಹೊಲದಾಗ ಎಲ್ಯರ ಬಿದ್ದಿರಬೇಕು" ಅಂದರು. ಒಂದು ಬಿದ್ದರೆ ಒಪ್ಪಬಹುದು. ಎಲ್ಲವೂ ಬಿದ್ದವು ಅಂದರೆ ನನ್ನ ಕೈಯನ್ನೇ ಬೈದಂತೆ.

ಯೋಜನೆಯ ರಾಯಚೂರು ಆಫೀಸಿನ ರೇಣುಕಾ ಮೇಡಂ, "ನೇಪಾಳದ ಒಂದು ಗುಡ್ಡದ ಊರಲ್ಲಿ ಹೆಂಗಸರು ಇಂಥದೇ ಕುಂಟಿ ವರ್ಷಾನುಗಟ್ಟಲೆ ನಡಸ್ಯಾರ. ಹೋಗಿ ನೋಡಿ ಬರೋಣ. ನಮ್ಮಲ್ಲಿ ನಡಿಯಂಗಿಲ್ಲ ಅಂದ್ರ ಈ ಸಲ ನಿಲ್ಲಿಸಿಬಿಡೋಣ" ಅಂದರು. ನಿಲ್ಲಿಸುವುದು ಅಂದರೆ ರೈತರು ಮತ್ತೆ ಎಣ್ಣೆಗೆ ಹೋಗುವುದು. ನನ್ನ ಕುಂಟೆ ಗುಜರಿಗೆ ಹೋಗುವುದು. ಮಾಡಿದವನೊಬ್ಬ, ಬಳಸಬೇಕಾದವಳೊಬ್ಬಳು ಜೊತೆಗಿರಲಿ ಅಂತ ನನ್ನನ್ನೂ ಹುಲಿಗೆಮ್ಮನನ್ನೂ ಆರಿಸಿದರು.

ಹುಲಿಗೆಮ್ಮ ಜಾಲಹಳ್ಳಿ ಹತ್ತಿರದವಳು, ಕಳೆ ತೆಗೆಯುವ ಗುಂಪಿನ ಹಿರಿಯಳು. ಯಾರ ಹೊಲಕ್ಕೆ ಯಾವತ್ತು ಎಷ್ಟು ಮಂದಿ ಅಂತ ಮಾತಾಡುವವಳು ಆಕೆಯೇ. ರೈಲು ಹತ್ತುವಾಗ ನನ್ನ ಗಾಲಿ ಆಕೆಯ ಮೊಣಕಾಲಿಗೆ ತಾಗಿತು.

"ಯಪ್ಪಾ, ಇದನ್ನ ಅಲ್ಲಿ ತನಕ ಹೊತ್ತುಕೊಂಡು ಯಾಕ ಬಂದಿ?"

"ಬೋಲ್ಟ್ ಸಡ್ಲ ಅದಾವೋ ಗಟ್ಟಿ ಅದಾವೋ ಮಂದಿ ನೋಡ್ಲಿ ಅಂತ."

ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಊರು ಬಿಟ್ಟ ಸಂಕಟ ಅಂದುಕೊಂಡೆ.

ಸುನೌಲಿ ಗೇಟು

ದೆಹಲಿ, ಗೋರಖಪುರ, ಅಲ್ಲಿಂದ ಬಸ್ಸು. ವಿದೇಶ ಅಂದರೆ ವಿಮಾನ, ಸಮುದ್ರ ಅಂತ ನನ್ನ ಮನಸ್ಸಿನಲ್ಲಿತ್ತು. ಇಲ್ಲಿ ಒಂದು ಸಂತೆಬೀದಿ, ಅದರ ಕೊನೆಗೆ ಒಂದು ದೊಡ್ಡ ಗೇಟು, ಗೇಟಿನಾಚೆ ಅಂಥದೇ ಇನ್ನೊಂದು ಸಂತೆಬೀದಿ. ರಿಕ್ಷಾದವರು, ಈರುಳ್ಳಿ ಚೀಲ ಹೊತ್ತವರು, ಮದುವೆಗೆ ಹೊರಟವರು ನಮ್ಮೂರಿಂದ ಕಲ್ಮಲಕ್ಕೆ ಹೋದಷ್ಟು ಸಲೀಸಾಗಿ ದೇಶ ದಾಟುತ್ತಿದ್ದರು. ನಮ್ಮಂಥವರಿಗೆ ಪಾಸ್‌ಪೋರ್ಟೂ ಬೇಡ. ಓಟಿನ ಕಾರ್ಡು ತೋರಿಸಿದರೆ ಆಯಿತು.

ಎಲ್ಲರನ್ನೂ ಬಿಟ್ಟ ಆಚೆಯ ಪೊಲೀಸ್ ನನ್ನನ್ನು ಹಿಡಿದ. ಹಗ್ಗ ಬಿಚ್ಚಿಸಿದ. ಗಾಲಿ ತಿರುಗಿಸಿ ನೋಡಿದ. ಹಿಂದಿಯಲ್ಲಿ, "ಉಳಿದರ್ಧ ಸೈಕಲ್ ಎಲ್ಲಿ?" ಅಂತ ಕೇಳಿದ.

ಇದು ಸೈಕಲ್ಲಲ್ಲ, ಬೇಸಾಯದ ಸಾಮಾನು ಅಂದೆ. ಬ್ಲೇಡು ನೋಡಿ ಅವನ ಮುಖ ಗಂಟಾಯಿತು. ಮಾತಿಗಿಂತ ಕೆಲಸ ಚಲೋ ಅಂತ ಅಲ್ಲೇ ಕೂತು ಜೋಡಿಸತೊಡಗಿದೆ. ಸುತ್ತ ಮಂದಿ ಕೂಡಿತು. ಬೋಲ್ಟು ಬಿಗಿದು, ಎದ್ದು, ಗೇಟಿನ ಬದಿಯ ಧೂಳಿನಲ್ಲಿ ದೂಡಿ ತೋರಿಸಿದೆ. ಎರಡು ದೇಶಗಳ ನಡುವಿನ ಜಾಗದಲ್ಲಿ ಒಂದು ಸಾಲು ಬಿತ್ತು. ಪೊಲೀಸ್ ನಕ್ಕುಬಿಟ್ಟ. ತಾನೂ ಒಮ್ಮೆ ದೂಡಿದ. ಹೋಗಿ ಅಂದ.

ಆ ಖುಷಿಯಲ್ಲಿ ಚಹಾ ಕುಡಿಯುತ್ತ ಕೂತೆವು. ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ನನ್ನ ಕೈಗಡಿಯಾರ ಹೇಳುತ್ತಿತ್ತು. ನಾವು ಲೋಟ ಇಡುವುದರೊಳಗೆ ಬಸ್ಸು ಹೊರಟುಹೋಗಿತ್ತು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದಂತೆ. ಮೇಡಂ ಮೊದಲೇ ಹೇಳಿದ್ದರು, ನಾನೇ ಕೇಳಿಸಿಕೊಂಡಿರಲಿಲ್ಲ.

"ಅರ್ಧ ತಾಸೂ ಅಲ್ಲ, ಒಂದ್ ತಾಸೂ ಅಲ್ಲ, ಕಾಲು ತಾಸು! ಎಂಥಾ ದೇಶಪಾ ಇದು," ಅಂದಳು ಹುಲಿಗೆಮ್ಮ. "ಇಷ್ಟಕ್ಕ ಯಾಕ ಬ್ಯಾರೆ ಮಾಡ್ಕೊಂಡಾರ? ನಮ್ಮ ಕೂಡ ಹೊಂದಿಕೊಂಡು ಹೋಗಬಾರದಾ?"

ಚಹಾದಂಗಡಿಯ ಅಜ್ಜ ಹಿಂದಿ ಅರ್ಥ ಮಾಡಿಕೊಳ್ಳುವವನು. ನಾನು ಅವನಿಗೆ ಈ ಮಾತು ದಾಟಿಸಿದೆ. "ಅದೇ ಮಾತನ್ನು ನಾವು ನಿಮ್ಮ ಬಗ್ಗೆ ಅನ್ನುತ್ತೇವೆ" ಅಂದ.

ಗುಡ್ಡ ಹತ್ತಿದ್ದು

ಬುಟ್ವಲ್ ದಾಟಿದ ಮೇಲೆ ರಸ್ತೆ ಮೇಲಕ್ಕೇ ಹೋಗುತ್ತದೆ. ನಮ್ಮ ಕಡೆ ಗುಡ್ಡ ಅಂದರೆ ರಾಯಚೂರು ಕೋಟೆಯ ಬಂಡೆ. ಹತ್ತಿದರೆ ಮುಗಿಯಿತು. ಇಲ್ಲಿ ಒಂದು ಗುಡ್ಡ ಹತ್ತಿದರೆ ಇನ್ನೊಂದು ಕಾಯುತ್ತ ನಿಂತಿರುತ್ತದೆ. ಒಂದು ಕಡೆ ಗೋಡೆಯಂಥ ಮಣ್ಣು, ಇನ್ನೊಂದು ಕಡೆ ಏನೂ ಇಲ್ಲ. ಎರೆಹೊಲದ ಸಪಾಟು ನೆಲದಲ್ಲಿ ಹುಟ್ಟಿ ಬೆಳೆದ ಹುಲಿಗೆಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಆಗೊಮ್ಮೆ ಈಗೊಮ್ಮೆ ಸೆರಗು ಸರಿಸಿ ಕೇಳುತ್ತಿದ್ದಳು.

"ಇವರು ಹೊಲ ಎಲ್ಲಿ ಮಾಡ್ತಾರ, ಗೋಡಿ ಮ್ಯಾಲ?"

ಹಾಗೇ ಮಾಡಿದ್ದರು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದು, ಒಂದೊಂದು ಮೆಟ್ಟಿಲಲ್ಲೂ ಗೋವಿನಜೋಳ. ಕೆಲವು ಮೆಟ್ಟಿಲು ನಮ್ಮ ಮನೆಯ ಕಟ್ಟೆಯಷ್ಟೇ ಅಗಲ.

ಪಾಲ್ಪಾ ಕಡೆಯ ಆ ಊರಿನಲ್ಲಿ ನಮ್ಮನ್ನು ಇಳಿಸಿಕೊಂಡವರು ಮನ್‌ಕುಮಾರಿ ದೀದಿ. ಹೆಂಗಸರ ಗುಂಪಿಗೆ ಆಕೆ ಮುಖ್ಯಸ್ಥೆ. ನನ್ನ ಎದೆಯೆತ್ತರದ ಹೆಂಗಸು. ಬೆನ್ನಿಗೊಂದು ಬುಟ್ಟಿ, ಬುಟ್ಟಿಯ ಹಗ್ಗ ಹಣೆಗೆ. ನಮ್ಮ ಹೆಂಗಸರು ತಲೆಯ ಮೇಲೆ ಹೊತ್ತು ಒಂದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಇವರು ಹಣೆಯಿಂದ ಹೊರುತ್ತಾರೆ, ಎರಡೂ ಕೈ ಖಾಲಿ. ಒಬ್ಬಾಕೆ ಹಾಗೇ ಗುಡ್ಡ ಹತ್ತುತ್ತ ಉಣ್ಣೆ ಹೆಣೆಯುತ್ತಿದ್ದಳು. ಸಾಮಾನು ಮಾಡುವವನ ಕಣ್ಣಿಗೆ ಇಂಥದು ಮೊದಲು ಬೀಳುತ್ತದೆ.

ಊರಲ್ಲಿ ಗಂಡಸರು ಕಡಿಮೆ. ಗಲ್ಫಿಗೆ, ಮಲೇಷ್ಯಾಕ್ಕೆ, ನಮ್ಮ ದೇಶಕ್ಕೆ ದುಡಿಯಲು ಹೋಗಿರುತ್ತಾರೆ. ನಮ್ಮ ದೇವದುರ್ಗದಿಂದ ಗುಳೆ ಹೋಗುವವರು ಗಂಡ-ಹೆಂಡತಿ ಕೂಡಿಯೇ ಗಂಟು ಕಟ್ಟುತ್ತಾರೆ. ಇಲ್ಲಿ ಹೆಂಗಸು ಗುಡ್ಡ ಕಾಯುತ್ತಾಳೆ.

ಈಗ ನನ್ನ ಮರ್ಯಾದೆಯ ಒಂದು ಸಂಗತಿ ಹೇಳಬೇಕು. ನನ್ನನ್ನು ಆರಿಸಲು ಇನ್ನೊಂದು ಕಾರಣ, ನನಗೆ ಹಿಂದಿ ಬರುತ್ತದೆ. ಮಾನ್ವಿಯ ಗ್ಯಾರೇಜಿನಲ್ಲಿ ಉಸ್ತಾದರ ಕೈಕೆಳಗೆ ಕಲಿತದ್ದು. ದಾರಿಯುದ್ದಕ್ಕೂ ಹುಲಿಗೆಮ್ಮನ ಮಾತನ್ನು ನಾನೇ ದಾಟಿಸಿದ್ದೆ. ದೀದಿಯ ಅಂಗಳದಲ್ಲೂ ಗಂಟಲು ಸರಿಮಾಡಿಕೊಂಡು ನಿಂತೆ. ದೀದಿ ಹಿಂದಿಯಲ್ಲಿ, ತಾನು ಕೆಲ ವರ್ಷ ಪುಣೆಯಲ್ಲಿದ್ದೆ, ಗಂಡ ಹಡಪ್ಸರದಲ್ಲಿ ವಾಚ್‌ಮನ್ ಆಗಿದ್ದ ಅಂದಳು. ನಾನು ಬಾಯಿ ತೆರೆಯುವುದರೊಳಗೆ ಹುಲಿಗೆಮ್ಮ ಸೀದಾ ಹಿಂದಿಯಲ್ಲೇ, "ಹಡಪ್ಸರದಲ್ಲಿ ಎಲ್ಲಿ? ನಾನು ಅಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಇಟ್ಟಂಗಿ ಹೊತ್ತಿದ್ದೇನೆ" ಅಂದಳು. ಮುಗಿಯಿತು. ಇಬ್ಬರೂ ಕೈ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು. ಯಾವ ನಲ್ಲಿಗೆ ನೀರು ಬರುತ್ತಿತ್ತು, ಯಾವ ಕಿರಾಣಿಯವನು ತೂಕದಲ್ಲಿ ಮೋಸ ಮಾಡುತ್ತಿದ್ದ, ಎಲ್ಲ ಬಂತು.

"ಯವ್ವಾ, ನಿನಗ ಹಿಂದಿ ಬರ್ತದಂತ ಮೊದ್ಲ ಹೇಳಬಾರದಾ?" ಅಂದೆ.

"ನೀ ಕೇಳಿದ್ಯಾ? ನೀ ಹೇಳೋದ್ರಾಗ ಅಷ್ಟು ಖುಷಿ ಇದ್ದಿ, ಯಾಕ ಕೆಡಸಬೇಕು ಅಂತ ಸುಮ್ನಿದ್ದೆ."

ಮೇಡಂ ಬೇರೆ ಕಡೆ ನೋಡಿ ನಕ್ಕರು.

ಊಟ ಅಂದರೆ ಅನ್ನ, ಬೇಳೆ, ಸೊಪ್ಪು. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ, ಅನ್ನ ಮಾತ್ರ ಗುಡ್ಡದ ಹಾಗೆ. ಜೋಳದ ರೊಟ್ಟಿ ಇಲ್ಲದೆ ನನಗೆ ಉಂಡ ಹಾಗೇ ಆಗುವುದಿಲ್ಲ. ಹುಲಿಗೆಮ್ಮ ಗಂಟು ಬಿಚ್ಚಿ ಒಣಗಿಸಿದ ಕಟಕ ರೊಟ್ಟಿ, ಖಾರದ ಶೇಂಗಾ ಚಟ್ನಿಪುಡಿ, ಅಂದರೆ ನಮ್ಮ ಹಿಂಡಿ, ಇಟ್ಟಳು. ದೀದಿ ಒಂದು ತುಂಡು ಮುರಿದು ಹಿಂಡಿ ಹಚ್ಚಿಕೊಂಡು ತಿಂದಳು. ಕಣ್ಣಲ್ಲಿ ನೀರು ಬಂತು. ನಮ್ಮ ಖಾರ ತಡೆಯಲಾಗಲಿಲ್ಲ ಅಂದುಕೊಂಡೆವು. ಆಕೆ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.

ಗೋವಿನಜೋಳದ ಮೆಟ್ಟಿಲು

ಮರುದಿನ ಮೇಡಂ ಅಲ್ಲಿಯ ಕಚೇರಿಗೆ ಕೆಳಗಿಳಿದು ಹೋದರು. ನಾನು, ಹುಲಿಗೆಮ್ಮ, ದೀದಿ ಹೊಲಕ್ಕೆ ಹೋದೆವು. ಸುತ್ತಲ ಮೆಟ್ಟಿಲುಗಳಲ್ಲಿದ್ದ ಹೆಂಗಸರೂ ನೋಡಲು ಬಂದರು. ನಾನು ನನ್ನ ಕುಂಟೆ ಜೋಡಿಸಿ, ಬೋಲ್ಟಿಗೆ ಕೊನೆಯ ಸುತ್ತು ಕೊಟ್ಟು, ಎದೆ ಸೆಟೆಸಿ ಸಾಲಿಗಿಳಿದೆ. ಚಂದ ನಡೆಯಿತು. ಮಣ್ಣು ಮೆದುವಾಗಿತ್ತು, ಕಳೆ ಹಿಂದೆ ಬಿದ್ದುಕೊಂಡು ಬಂತು. ತಿರುಗಿ ನೋಡಿದರೆ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾರೆ.

"ಏನಂತಾರ?" ಅಂದೆ. ಅವರ ನೇಪಾಳಿಯನ್ನು ದೀದಿ ಹಿಂದಿಯಲ್ಲಿ ಹುಲಿಗೆಮ್ಮನ ಕಿವಿಗೆ ಹೇಳುತ್ತಿದ್ದಳು, ದಾಟಿಸುವ ಕೆಲಸ ಈಗ ಆಕೆಯದು.

"ಈ ಅಣ್ಣಾರು ದಿನಾ ಬಂದು ಕಳಿ ತೆಗಿತಾರೇನು ಅಂತ ಕೇಳಾಕತ್ತಾರ."

ದೀದಿ ತನ್ನ ಕುಂಟೆ ತಂದಳು. ಗಾಲಿ, ಬ್ಲೇಡು ನನ್ನದರಂಥವೇ. ಆದರೆ ಹಿಡಿಕೆ ಗಿಡ್ಡ. ನಾನು ಹಿಡಿದು ದೂಡಿದೆ. ನಡು ಬಾಗಿಸಿ ಆಕಳ ಹಾಗೆ ನಡೆಯಬೇಕಾಯಿತು. ಒಂದು ಸಾಲು ಮುಗಿಸುವುದರೊಳಗೆ ಬೆನ್ನು ಹಿಡಿಯಿತು.

"ಇದನ್ನು ಮಾಡಿದ ಮೇಸ್ತ್ರಿಗೆ ಅಳತೆ ಗೊತ್ತಿಲ್ಲ," ಅಂತ ಹಿಂದಿಯಲ್ಲಿ ಹೇಳಿದೆ.

"ಅವನೂ ನಿಮ್ಮದರ ಹಾಗೇ ಉದ್ದ ಮಾಡಿದ್ದ. ಕತ್ತರಿಸಿದ್ದು ನಾವು," ಅಂದಳು ದೀದಿ.

ಆಕೆ ಹೇಳಿದ್ದು ಇಷ್ಟು. ಅವರ ಕಡೆಯೂ ಹೆಂಗಸು ನೇಗಿಲು ಮುಟ್ಟಬಾರದು. ನಮ್ಮಲ್ಲೂ ಹೆಂಗಸರು ರಂಟೆ ಹಿಡಿಯುವುದಿಲ್ಲ, ಅದು ನನಗೆ ಹೊಸದಲ್ಲ. ಕಳೆ ಮಾತ್ರ ಹೆಂಗಸರದು. ಗಾಲಿಯ ಕುಂಟೆ ಬಂದ ವರ್ಷ ಊರಲ್ಲಿ ಉಳಿದಿದ್ದ ಗಂಡಸರು, ಇದು ನೇಗಿಲ ಜಾತಿಯ ಸಾಮಾನು ಅಂತ ತಮ್ಮ ಕೈಗೆ ತೆಗೆದುಕೊಂಡರು. ಮಂದಿಯ ಹೊಲಕ್ಕೆ ಕೂಲಿಗೂ ಒಯ್ದರು. ಕೊಟ್ಟದ್ದು ಹೆಂಗಸರ ಗುಂಪಿಗೆ, ದುಡಿದದ್ದು ಗಂಡಸರಿಗೆ. ಜಗಳ ಮಾಡಿದರು, ಸಭೆ ಮಾಡಿದರು, ಆಗಲಿಲ್ಲ. ಕೊನೆಗೆ ಎಲ್ಲರೂ ಕೂಡಿ ಗುಡ್ಡದ ಕೆಳಗಿನ ಕುಲುಮೆಗೆ ಒಯ್ದು, ತಮ್ಮ ಎತ್ತರಕ್ಕೆ ಹಿಡಿಕೆ ಕೊಯ್ಸಿಕೊಂಡು ಬಂದರು.

"ಆಮೇಲೆ?"

"ಆಮೇಲೆ ಯಾವ ಗಂಡಸೂ ಕೇಳಲು ಬಂದಿಲ್ಲ. ನಿಮ್ಮ ಬೆನ್ನು ಈಗ ಹೇಗಿದೆ?"

ಎಲ್ಲರೂ ನಕ್ಕರು. ಹುಲಿಗೆಮ್ಮ ಮಾತ್ರ ನಗಲಿಲ್ಲ. ಆ ಗಿಡ್ಡ ಕುಂಟೆಯನ್ನು ಕೈಗೆ ತೆಗೆದುಕೊಂಡು ಒಂದು ಸಾಲು ದೂಡಿದಳು. ಇನ್ನೊಂದು ಸಾಲು ದೂಡಿದಳು. ಬೆನ್ನು ನೆಟ್ಟಗಿತ್ತು. ಮೊಣಕೈ ಹಿಡಿಕೆಗೆ ಸರಿಯಾಗಿ ಕೂಡುತ್ತಿತ್ತು. ಆಕೆಯ ಗುಂಪಿಗೆ ಕುಂಟೆ ಕೊಟ್ಟು ವರ್ಷವಾಗಿತ್ತು. ಆಕೆ ಕುಂಟೆ ದೂಡಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ವಾಪಸು ಬಂದು ಮೆಟ್ಟಿಲ ಅಂಚಿಗೆ ಕೂತಳು. ನನ್ನನ್ನು ಕರೆದಳು.

"ಮೇಸ್ತ್ರಿ, ಬಾ ಇಲ್ಲಿ. ನೀ ಕುಂಟಿ ಹಂಚಿದ ದಿನ ನೆನಪದಾ?"

ನೆನಪಿತ್ತು. ವಿಭೂತಿ ಹಚ್ಚಿ, ಕಾಯಿ ಒಡೆದು, ಹೆಂಗಸರ ಕೈಗೆ ಕುಂಟೆ ಕೊಟ್ಟು ಫೋಟೋ ತೆಗೆದಿದ್ದರು.

"ಫೋಟೋ ಆದ ಮ್ಯಾಲ?"

ಗಂಡಂದಿರು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಹೇಗೆ ನಡೆಸಬೇಕು ಅಂತ ನಾನು ಅವರಿಗೇ ತೋರಿಸಿಕೊಟ್ಟಿದ್ದೆ. ಕಬ್ಬಿಣದ ಸಾಮಾನಿನ ಮಾತು ಗಂಡಸರ ಕೂಡ ಆಡುವುದು ನನಗೆ ರೂಢಿ. ಹೆಂಗಸರು ಹಿಂದೆ ನಿಂತು ನೋಡಿದ್ದರು.

"ಮರುವಾರ ನನ್ನ ಗಂಡ ದುರ್ಗಪ್ಪ ಅದನ್ನ ತಗೊಂಡು ಸಾವುಕಾರ್ರ ಹತ್ತಿ ಹೊಲಕ್ಕ ಹೋದ. ಅವನ ಹಿಂದ ಉಳದವರೂ ಹೋದ್ರು. ನಮಗೆ ಕೊಡೋದಕ್ಕಿಂತ ಹೆಚ್ಚಿನ ಕೂಲಿ ಅವರಿಗೆ ಕೊಟ್ರು. ನಮ್ಮ ಗುಂಪಿಗಿ ಏನಂದ್ರು ಗೊತ್ತೇನು? ಈ ಸಲ ನೀವು ಬರಬ್ಯಾಡ್ರಿ ಅಂದ್ರು." ಆಕೆ ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಪುಡಿಮಾಡುತ್ತಿದ್ದಳು. "ಕುಂತು ಮಾಡಿದ್ರ ನಮ್ಮ ಕೆಲ್ಸ, ನಿಂತು ಮಾಡಿದ್ರ ಗಂಡಸ್ರ ಕೆಲ್ಸ. ನೀ ನಮ್ಮ ಕೆಲ್ಸಕ್ಕ ಕಾಲು ಹಚ್ಚಿ ನಿಂದ್ರಿಸಿದಿ. ಅದು ನಡಕೋಂತ ಅವರ ಕೈಗಿ ಹೋತು."

"ಮತ್ತ ಬ್ಲೇಡು?"

"ನಾವ ಬಿಚ್ಚೀವಿ. ಗಂಡಸ್ರು ಇಲ್ಲದಾಗ, ಒಂದೊಂದ ಮನ್ಯಾಗ. ಬಿಚ್ಚಿ ಜ್ವಾಳ ತುಂಬಿಡೋ ಗುಮ್ಮಿಯೊಳಗ ಹುಗದೀವಿ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ.

"ಹಂಗಾದ್ರ ಬೋಲ್ಟು ಸಡ್ಲ ಇರಲಿಲ್ಲ!"

"ಸಡ್ಲ? ಯಪ್ಪಾ, ಒಂದೊಂದು ಬಿಚ್ಚಬೇಕಾದ್ರ ನಾಕು ಮಂದಿ ಪಾನಾಕ್ಕ ಜೋತು ಬಿದ್ದೀವಿ. ನಿನಗ ಎಷ್ಟು ಬೈದೀವಿ ಗೊತ್ತೇನು?"

ಇಷ್ಟು ದೊಡ್ಡ ಬಿರುದು ನನಗೆ ಯಾರೂ ಕೊಟ್ಟಿರಲಿಲ್ಲ. ಒಂದು ಗಳಿಗೆ ಹಿಮಾಲಯದ ಕಡೆ ಮುಖ ಮಾಡಿ ನಿಂತೆ. ಆಮೇಲೆ ಆಕೆಯ ಮುಖ ನೋಡಿದೆ. ಆಕೆಗೆ ಹೆದರಿಕೆಯಿತ್ತು. ಯೋಜನೆಯ ಸಾಮಾನು ಕೆಡಿಸಿದರು ಅಂತ ಗೊತ್ತಾದರೆ ಆಫೀಸು ಗುಂಪನ್ನೇ ತೆಗೆದುಹಾಕಬಹುದು. ಮನೆಯಲ್ಲಿ ಗಂಡಸರಿಗೆ ಗೊತ್ತಾದರೆ ಅಲ್ಲಿಯೂ ಗಲಾಟೆ.

"ಆಫೀಸಿಗಿ ಹೇಳಬ್ಯಾಡ ಅನ್ನಂಗಿಲ್ಲ ನಾನು," ಅಂದಳು. "ವರ್ಷಾತು, ನಿನ್ನ ಕೈ ಸುಮಾರು ಅಂತ ಮಂದಿ ಅನ್ನಾಕತ್ಯಾರ. ನಿನ್ನ ಮರ್ಯಾದಿ ನಿಂದು."

ದೀದಿಗೆ ಕನ್ನಡ ಬರದಿದ್ದರೂ ಏನೋ ಗೊತ್ತಾದ ಹಾಗಿತ್ತು. ನಮ್ಮ ನಡುವೆ ಹುರಿದ ಗೋವಿನಜೋಳದ ಕಾಳು ಇಟ್ಟು ಹೋದಳು. ಮಧ್ಯಾಹ್ನ ಹುಲಿಗೆಮ್ಮ ಆಕೆಗೆ ಕೇಳಿದ ಪ್ರಶ್ನೆ ಒಂದೇ: ಕುಂಟೆ ನಮ್ಮ ಕೈಗೆ ಬಂದರೂ ಅದು ಬೇಗ ಕೆಲಸ ಮುಗಿಸುತ್ತದೆ, ಆಗ ಗುಂಪಿನ ಅರ್ಧ ಮಂದಿ ಮನೆಯಲ್ಲಿ ಕೂರಬೇಕಲ್ಲ? ದೀದಿ ಅಂದಳು, "ದಿನದ ಲೆಕ್ಕಕ್ಕೆ ಹೋಗಬೇಡ. ಇಡೀ ಹೊಲಕ್ಕೆ ಇಷ್ಟು ಕೂಲಿ ಅಂತ ಹೊಲದ ಲೆಕ್ಕಕ್ಕೆ ಹಿಡಿ. ಸಾಲಿನ ನಡುವೆ ಕುಂಟೆ, ಗಿಡದ ಬುಡಕ್ಕೆ ಕೈ. ಎಲ್ಲರೂ ಹೋಗಿ, ಬೇಗ ಮುಗಿಸಿ, ಬಂದದ್ದು ಹಂಚಿಕೊಳ್ಳಿ." ಹುಲಿಗೆಮ್ಮ ಅದನ್ನು ಎರಡು ಸಲ ಹೇಳಿಸಿಕೊಂಡಳು.

ವಾಪಸು ರೈಲು

ಕುಂಟೆಯನ್ನು ನಾನು ದೀದಿಗೇ ಕೊಟ್ಟು ಬಂದೆ. ಆಕೆ ಥ್ಯಾಂಕ್ಸ್ ಹೇಳಿದಳು, ನಾಳೆಯೇ ಕುಲುಮೆಗೆ ಒಯ್ದು ಕೊಯ್ಸುತ್ತೇನೆ ಅಂದಳು. ಗೇಟಿನ ಪೊಲೀಸ್ ಬೇರೆಯವನಿದ್ದ. ಕೈ ಬೀಸಿಕೊಂಡು ದೇಶಕ್ಕೆ ಬಂದೆ, ನನ್ನ ಗಡಿಯಾರ ತಾನಾಗಿಯೇ ಮತ್ತೆ ಸರಿಯಾಯಿತು.

ರೈಲಿನಲ್ಲಿ ಮೇಡಂ ಎದುರು ಕೂತು ಕೇಳಿದರು. "ಯಂಕಪ್ಪ ಅವರೇ, ಜಾಲಹಳ್ಳಿಯಲ್ಲಿ ಸಭೆ ಅದ. ಹೋದ ವರ್ಷ ಯಾಕ ನಡೀಲಿಲ್ಲ ಅಂತ ಎಲ್ಲಾರೂ ಕೇಳ್ತಾರ. ನಾ ಏನು ಹೇಳ್ಲಿ?"

ಲಿಂಗ ಸಮಾನತೆ ಅನ್ನುವ ಮಾತು ಅವರ ಸಭೆಗಳಲ್ಲಿ ಬಹಳ ಸಲ ಕೇಳಿದ್ದೆ. ಹೆಂಗಸರ ಕೈಗೆ ಸಾಮಾನು ಕೊಟ್ಟು ಫೋಟೋ ತೆಗೆದರೆ ಅದು ಆದಂತೆ ಅಂದುಕೊಂಡಿದ್ದೆ. ಆ ಫೋಟೋದಲ್ಲಿ ನಾನೂ ಇದ್ದೇನೆ, ಹಲ್ಲು ಬಿಟ್ಟುಕೊಂಡು. ಫೋಟೋದ ಆಚೆಗೆ ಕುಂಟೆ ಎಷ್ಟು ದೂರ ನಡೆಯಿತು, ಯಾರ ಹೆಗಲ ಮೇಲೆ ನಡೆಯಿತು ಅಂತ ಯಾರೂ ನೋಡಲಿಲ್ಲ. ನೋಡಿದ್ದು ಹೆಂಗಸರು.

ಹುಲಿಗೆಮ್ಮ ಮೇಲಿನ ಬರ್ತಿನಲ್ಲಿ ಮಲಗಿದ್ದಳು. ಕಣ್ಣು ಮುಚ್ಚಿತ್ತು, ಕಾಲ ಬೆರಳು ಮಾತ್ರ ಅಲ್ಲಾಡುತ್ತಿತ್ತು.

"ನೀವು ಏನೂ ಹೇಳಬ್ಯಾಡ್ರಿ ಮೇಡಂ. ಮಾಡಿದವ ನಾನು. ನಾನೇ ಹೇಳ್ತೀನಿ," ಅಂದೆ.

ಏನು ಹೇಳುತ್ತೇನೆ ಅಂತ ನನಗಿನ್ನೂ ಗೊತ್ತಿರಲಿಲ್ಲ.

ಜಾಲಹಳ್ಳಿ

ಸಭೆಗೆ ಗಂಡಸರು ಮುಂದೆ ಕೂತಿದ್ದರು, ಹೆಂಗಸರು ಗೋಡೆಯ ಬದಿಗೆ. ಜಂತಿಯಿಂದ ಇಳಿಸಿ ತಂದ ಕುಂಟೆಗಳನ್ನು ಬಾಗಿಲ ಬಳಿ ಒರಗಿಸಿದ್ದರು. ಬ್ಲೇಡಿಲ್ಲದ ಕುಂಟೆ ನೋಡಲು ಹಲ್ಲು ಕಿತ್ತ ಬಾಯಿಯ ಹಾಗಿರುತ್ತದೆ.

ದುರ್ಗಪ್ಪ ನನ್ನನ್ನು ನೋಡಿ ಎದ್ದ. ನಗೆಚಾಟಿಕೆಯ ಮನುಷ್ಯ, ಕೆಟ್ಟವನಲ್ಲ.

"ಬರ್ರಿ ಮೇಸ್ತ್ರಿ! ಬೋಲ್ಟ್ ಬಿಗಿಯೋದು ಕಲಿಯಾಕ ಫಾರಿನ್‌ಗಿ ಹೋಗಿದ್ರಂತ?"

ಗಂಡಸರೆಲ್ಲ ನಕ್ಕರು. ನನ್ನ ಕಿವಿ ಕಾದವು. ಒಂದು ಮಾತು ಸಾಕಿತ್ತು. ನಿನ್ನ ಮನೆಯ ಗುಮ್ಮಿಯಲ್ಲಿ ಕೈ ಹಾಕಿ ನೋಡು ಅಂದರೆ ಆಯಿತು, ವರ್ಷದಿಂದ ಹೊತ್ತ ಹೆಸರು ಅಲ್ಲೇ ಇಳಿಯುತ್ತಿತ್ತು. ಗೋಡೆಯ ಬದಿಗೆ ನೋಡಿದೆ. ಹುಲಿಗೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಆಕೆಯ ಪಕ್ಕದ ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಕಲ್ತು ಬಂದೀನಿ," ಅಂದೆ. "ತಪ್ಪು ಹಿಡಿಕ್ಯಾಗ ಇತ್ತು. ನಾ ನನ್ನ ಎತ್ತರಕ್ಕ ಮಾಡಿಬಿಟ್ಟಿದ್ದೆ. ಹಿಡಿಯವರ ಎತ್ತರಕ್ಕ ಮಾಡಬೇಕಿತ್ತು."

"ಮತ್ತ ಬೋಲ್ಟ್?"

"ಹಿಡಿಕಿ ಸರಿ ಆದ್ರ ಬೋಲ್ಟ್ ತಾನಾ ನಿಂದ್ರತದ."

ಇದು ಪೂರ್ತಿ ಸುಳ್ಳಲ್ಲ, ಹೇಳುವಾಗಲೇ ನನಗೆ ಗೊತ್ತಾಯಿತು. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಗೋಡೆಗೆ ನಿಲ್ಲಿಸಿ, ಮೊಣಕೈ ಬಂದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಶೆಡ್ಡಿನಿಂದ ತಂದಿದ್ದ ಕಟ್ಟರ್ ಹಚ್ಚಿದೆ. ಕಿಡಿ ಹಾರಿತು. ಹಿಡಿಕೆಯ ತುಂಡುಗಳು ಒಂದೊಂದೇ ನೆಲಕ್ಕೆ ಬಿದ್ದವು. ದುರ್ಗಪ್ಪ ಒಂದು ಕುಂಟೆ ಎತ್ತಿ ದೂಡಿ ನೋಡಿ, ನಡು ಹಿಡಿದುಕೊಂಡು ನಿಂತ.

"ಏ, ಇದನ್ನ ಯಾವ ಗಂಡಸು ಹಿಡಿತಾನಲೇ?"

"ಯಾರು ಹಿಡಿ ಅಂದಾರ ನಿನಗ?" ಅಂದಳು ಹುಲಿಗೆಮ್ಮ. ಗೋಡೆಯ ಬದಿಯ ಸಾಲು ಇಡೀ ನಕ್ಕಿತು.

ಬ್ಲೇಡು ಹೊಸವು ಮಾಡಿಕೊಡಬೇಕಾ ಅಂತ ಮೇಡಂ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮ, "ಯಾಕ್ರಿ ಸುಮ್ನ? ಹುಡುಕಿದ್ರ ಸಿಗ್ತಾವ" ಅಂದಳು. ಮರುದಿನ ಎಲ್ಲವೂ ಸಿಕ್ಕವು. ಹಳೆ ಸೀರೆ ತುಂಡಿನಲ್ಲಿ ಸುತ್ತಿ, ಕೊಬ್ಬರಿ ಎಣ್ಣೆ ಸವರಿಟ್ಟಿದ್ದರು. ಒಂದಕ್ಕೂ ತುಕ್ಕಿಲ್ಲ.

ಹೇಗೆ ಸಿಕ್ಕವು ಅಂತ ಹೆಂಗಸರೇ ಆಮೇಲೆ ಮೇಡಂಗೆ ಹೇಳಿದರು. ಗುಂಪನ್ನು ಯಾರೂ ತೆಗೆದುಹಾಕಲಿಲ್ಲ. ಇದನ್ನೆಲ್ಲ ಬರೆಯಲಾ ಅಂತ ಹುಲಿಗೆಮ್ಮನನ್ನು ಕೇಳಿದೆ. "ಬರಿ. ದುರ್ಗಪ್ಪಗ ಗೊತ್ತಾಗೇದ. ನಾಕು ದಿನ ಮಾತು ಬಿಟ್ಟಿದ್ದ, ಐದನೇ ದಿನ ಹಸಿವಾತು" ಅಂದಳು.

ಮಾನ್ವಿ

ಮಳೆ ಚಲೋ ಬಿತ್ತು. ಹತ್ತಿ ಎದ್ದಿತು, ಕಳೆಯೂ ಎದ್ದಿತು. ಹುಲಿಗೆಮ್ಮನ ಗುಂಪು ಹೊಲದ ಲೆಕ್ಕಕ್ಕೆ ಕೆಲಸ ಹಿಡಿಯುತ್ತಿದೆ ಅಂತ ಸುದ್ದಿ ಬರುತ್ತಿತ್ತು. ಕೆಲವರು ಒಪ್ಪಿದ್ದಾರೆ, ಕೆಲವರು ಒಪ್ಪಿಲ್ಲ.

ಒಂದು ದಿನ ನಮ್ಮ ಕಡೆಯ ಸಾವುಕಾರರೊಬ್ಬರು ಶೆಡ್ಡಿನ ಮುಂದೆ ಜೀಪು ನಿಲ್ಲಿಸಿದರು. ಬಹಳ ಹತ್ತಿ ಹಾಕಿದ್ದಾರೆ. ಜೊತೆಗೆ ಇಬ್ಬರು ಗಟ್ಟಿಯಾಳು ಗಂಡಸರು.

"ಯಂಕಪ್ಪ, ನಿನ್ನ ಕುಂಟಿ ಬಾಳ ಚಲೋ ನಡಿತಾವಂತ. ನನಗ ಬೇಕಾಗ್ಯಾವ. ಗೋಡಿಗಿ ಒರಗಿಸಿ ಇಟ್ಟಿಯಲ್ಲ, ಅವನ್ನ ಜೀಪಿಗಿ ಹಾಕಿಸು."

ಆಳುಗಳಲ್ಲೊಬ್ಬ ಒಂದು ಕುಂಟೆ ತೆಗೆದು ನಿಂತುಕೊಂಡು ಹಿಡಿದ. ಕೈ ಮುಟ್ಟಲಿಲ್ಲ. ಬಗ್ಗಿದ. ಮತ್ತೆ ನೆಟ್ಟಗಾಗಿ ಸಾವುಕಾರರ ಮುಖ ನೋಡಿದ.

"ಇದೇನಪಾ, ಗಿಡ್ಡ ಆಗೇದ. ಉದ್ದ ಹಿಡಿಕಿ ಹಾಕಿ ಕೊಡು."

"ಆ ಅಳತಿ ಈಗ ಮಾಡಂಗಿಲ್ರಿ."

"ಯಾಕ? ಪೈಪು ಇಲ್ಲೇನು?"

ಪೈಪು ಮೂಲೆಯಲ್ಲಿ ರಾಶಿ ಬಿದ್ದಿತ್ತು, ಅವರಿಗೂ ಕಾಣುತ್ತಿತ್ತು. ನಾನು ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಎದ್ದು ನಿಂತೆ.

"ಪೈಪು ಅದಾವ್ರಿ. ಕುಂಟಿ ಬೇಕಂದ್ರ ಇವ ಅದಾವ. ಹಿಡಿಯವರು ಬೇಕಂದ್ರ ಜಾಲಹಳ್ಳಿಗಿ ಹೋಗ್ರಿ, ಹುಲಿಗೆಮ್ಮ ಅಂತ ಕೇಳಿದ್ರ ಯಾರರ ಮನಿ ತೋರಿಸ್ತಾರ. ದಿನದ ಲೆಕ್ಕಕ್ಕ ಬರಂಗಿಲ್ಲ, ಹೊಲದ ಲೆಕ್ಕಕ್ಕ ಮಾತಾಡ್ರಿ."

ಸಾವುಕಾರರು ಹತ್ತಿರ ಬಂದರು. ಗಿಡ್ಡ ಕುಂಟೆಯ ಗಾಲಿಯನ್ನು ಬೂಟಿನ ತುದಿಯಿಂದ ತಿರುಗಿಸಿದರು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು.

"ಬೋಲ್ಟ್ ಗಟ್ಟಿ ಅದಾವೇನು?" ಅಂದರು.

"ಅದನ್ನೂ ಅವರನ್ನ ಕೇಳ್ರಿ," ಅಂದೆ.

ಜೀಪು ಹೊರಟಿತು. ಮನೆಯ ಕಡೆಯ ದಾರಿ ಬಿಟ್ಟು ದೇವದುರ್ಗದ ಕಡೆ ಹೊರಳಿತು.